ಗೃಹವ್ಯವಸ್ಥೆ: ಆಟದ ಮಾಡ್‌ಗಳೂ ಸಂಕೇತಕೊಂಡಿಯೂ

ಮನೆಯಲ್ಲಿರುವ ಪ್ರತಿಯೊಂದು ಪದಾರ್ಥಕ್ಕೂ ನಿಯತವಾದ ಒಂದು ಸ್ಥಾನವಿರಬೇಕೆಂಬುದು ಗೃಹವ್ಯವಸ್ಥೆಯ ಮೊದಲನೆಯ ಪಾಠ. ನಮ್ಮ ಗೃಹಿಣಿಯರು ಈ ಪಾಠವನ್ನು ಎಷ್ಟು ಚೆನ್ನಾಗಿ ಬಲ್ಲರೆಂದರೆ, ದೀಪವಿಲ್ಲದ ಹೊತ್ತಿನಲ್ಲಿಯೂ ಅವರ ಕೈ ಸಾಸಿವೆಯ ಡಬ್ಬಿಯನ್ನು ತಪ್ಪದೆ ಮುಟ್ಟುವುದು. ಆದರೆ ಒಂದೇ ಪದಾರ್ಥವು ಏಕಕಾಲದಲ್ಲಿ ಎರಡು ಸ್ಥಳಗಳಲ್ಲಿ ಬೇಕಾಗಿ ಬಂದರೆ ಮಾಡತಕ್ಕದ್ದೇನು? ಪಾತ್ರೆಪಡಗಗಳ ವಿಷಯದಲ್ಲಿ ಇನ್ನೊಂದನ್ನು ಕೊಳ್ಳುವುದಲ್ಲದೆ ಬೇರೆ ಗತಿಯಿಲ್ಲ. ಕಂಪ್ಯೂಟರಿನಲ್ಲಿಟ್ಟ ಕಡತಗಳ ವಿಷಯದಲ್ಲಿ ಮಾತ್ರ ಬೇರೊಂದು ಉಪಾಯವುಂಟು. ಮಕ್ಕಳ ಆಟದ ಫೋಲ್ಡರುಗಳನ್ನು ನಿಮಿತ್ತವಾಗಿಟ್ಟುಕೊಂಡು ಆ ಉಪಾಯವನ್ನು ಈ ತಿಂಗಳು ವಿವರಿಸುವೆವು.

ಆಟದ ಮಾತಿಗೆ ಈ ಪುಟದಲ್ಲಿ ಎಡೆಯೇಕೆಂದು ಹಿರಿಯರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಎಷ್ಟು ಹೊತ್ತು ಆಡಬೇಕೆಂಬುದನ್ನು ಗೊತ್ತುಮಾಡುವ ಅಧಿಕಾರ ತಂದೆತಾಯಿಗಳದು. ಅದಕ್ಕೆ ನಾವು ಕೈಹಾಕುವವರಲ್ಲ. ಆದರೆ ಆಡಲು ಒಮ್ಮೆ ಅನುಮತಿಯನ್ನಿತ್ತ ಮೇಲೆ, ಮಗುವು ಎರಡು ಮೂರು ವರ್ಷ ಕುಳಿತು ಕಟ್ಟಿದುದು ಆ ಮಗುವಿನ ಸೊತ್ತು. ಅದನ್ನು ಅಜಾಗರೂಕತೆಯಿಂದ ಕಳೆಯುವ ಹಕ್ಕು ಹಿರಿಯರಿಗಿಲ್ಲವೆಂದೇ ನಮ್ಮ ಅಭಿಪ್ರಾಯ. ಮನೆಯಲ್ಲಿರುವ ಮ್ಯಾಕ್ ಕಂಪ್ಯೂಟರು ಒಂದೇ, ಆಡುವ ಮಕ್ಕಳು ಇಬ್ಬರು, ಅಣ್ಣನಿಗೆ ಬೇಕಾದುದು ತಂಗಿಗೆ ಬೇಡ, ದಿನಬೆಳಗಾದರೆ ಜಗಳ, ಇದಕ್ಕೇನು ಪರಿಹಾರವೆಂದು ಕೇಳುವ ಗೃಹಸ್ಥರು ಇದ್ದಾರೆ. ಅವರಿಗಾಗಿ ಈ ಪ್ರಸ್ತಾಪ.

ಮೊದಲು ‘ಮಾಡ್’ ಎಂದರೇನೆಂಬುದನ್ನು ಹೇಳುವೆವು. ಈ ಶಬ್ದಕ್ಕೂ ಕನ್ನಡದ ‘ಮಾಡು’ ಧಾತುವಿಗೂ ಯಾವ ಸಂಬಂಧವೂ ಇಲ್ಲ; ‘ಮಾಡಿಫಿಕೇಷನ್’ ಎಂಬ ಇಂಗ್ಲಿಷ್ ಪದದ ತಲೆಯನ್ನು ಮಾತ್ರ ಉಳಿಸಿಕೊಂಡ ತುಂಡು ಇದು. ಆಟವನ್ನು ಕೊಂಡವರು ಅದರಲ್ಲಿ ತಮಗೆ ಬೇಕಾದ ಮಾರ್ಪಾಡುಗಳನ್ನು ಸೇರಿಸುವ ಚಿಕ್ಕ ಕಡತಗಳ ಕಟ್ಟು ಎಂದು ತಿಳಿದರೆ ಸಾಕು. ಉದಾಹರಣೆಗೆ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟವನ್ನು ತೆಗೆದುಕೊಳ್ಳೋಣ. ಎರಿಕ್ ಬರೋನ್ ಎಂಬ ಅಮೆರಿಕದ ಯುವಕನು ಒಬ್ಬನೇ ಹಲವು ವರ್ಷ ದುಡಿದು ೨೦೧೬ರಲ್ಲಿ ಹೊರತಂದ ಆಟವಿದು. ತಾತನು ಬಿಟ್ಟುಹೋದ ಪಾಳು ತೋಟಕ್ಕೆ ಮೊಮ್ಮಗನೋ ಮೊಮ್ಮಗಳೋ ಪಟ್ಟಣದ ಚಾಕರಿಯನ್ನು ಬಿಟ್ಟು ಬಂದು, ಉತ್ತು ಬಿತ್ತು, ದನಕೋಳಿಗಳನ್ನು ಸಾಕಿ, ಊರಿನವರ ಸ್ನೇಹವನ್ನು ಸಂಪಾದಿಸುವುದೇ ಅದರ ಕಥಾವಸ್ತು. ಆಟದೊಳಗಿನ ಮೂರನೆಯ ವರ್ಷದ ಮೊದಲಲ್ಲಿ ಸ್ವರ್ಗಸ್ಥನಾದ ತಾತನೇ ಬಂದು ಕೆಲಸವನ್ನು ಪರೀಕ್ಷಿಸುವನು. ಈ ಆಟಕ್ಕೆ ಮಾಡ್‌ಗಳನ್ನು ಜೋಡಿಸುವುದಕ್ಕೆ ‘ಸ್ಮಾಪಿ’ ಎಂಬ ಸಹಾಯಕ ತಂತ್ರಾಂಶವುಂಟು. ಆಟದ ಫೋಲ್ಡರಿನೊಳಗೆ ‘ಮಾಡ್ಸ್’ ಎಂಬ ಹೆಸರಿನ ಫೋಲ್ಡರು ಇರುವುದು. ಅದರಲ್ಲಿ ಏನೇನಿದೆಯೋ ಅವೆಲ್ಲವನ್ನೂ ಸ್ಮಾಪಿಯು ಆಟದೊಡನೆ ತೆರೆಯುವುದು.

ತೊಡಕು ಇಲ್ಲಿಂದಲೇ ಆರಂಭ. ಅಣ್ಣನಿಗೆ ಮೂವತ್ತು ಮಾಡ್‌ಗಳು ಬೇಕು. ತಂಗಿಗೆ ಅವುಗಳಲ್ಲಿ ಹತ್ತು ಮಾತ್ರ ಸಾಕು, ಬೇರೆ ಐದು ಬೇಕು. ‘ಮಾಡ್ಸ್’ ಫೋಲ್ಡರಾದರೋ ಒಂದೇ. ಒಬ್ಬನ ಮಾಡ್‌ಗಳು ತುಂಬಿರುವಾಗ ಇನ್ನೊಬ್ಬಳು ತನ್ನ ತೋಟವನ್ನು ತೆರೆದರೆ, ಮಾಡಿನಿಂದ ಬಂದಿದ್ದ ಪದಾರ್ಥಗಳನ್ನು ಆಟವು ಗುರುತಿಸಲಾರದೆ ಅವುಗಳ ಸ್ಥಾನದಲ್ಲಿ ‘ಎರರ್ ಐಟಂ’ ಎಂದು ತೋರಿಸುವುದು. ಮಾಡು ಸೇರಿಸಿದ್ದ ಹೊಸ ಸ್ಥಳಗಳಲ್ಲಿ ಇರಿಸಿದ ವಸ್ತುಗಳು ನಷ್ಟವಾಗುವ ಭಯವೂ ಉಂಟು. ಈ ಆಟದಲ್ಲಿ ದಿನವು ಮುಗಿದು ಪಾತ್ರವು ಹಾಸಿಗೆಯಲ್ಲಿ ಮಲಗಿದಾಗಲೇ ಲೆಕ್ಕವು ಬರೆಯಲ್ಪಡುವುದು. ಆದುದರಿಂದ ಮಾಡ್‌ಗಳು ಅದಲುಬದಲಾಗಿರುವುದು ಕಂಡುಬಂದರೆ, ಮಲಗದೆ ಹಾಗೆಯೇ ಆಟವನ್ನು ಮುಚ್ಚಿಬಿಡಬೇಕೆಂದು ಮಕ್ಕಳಿಗೆ ಮೊದಲೇ ಹೇಳಿಡತಕ್ಕದ್ದು.

ಪ್ರತಿಯೊಬ್ಬರಿಗೂ ಎಲ್ಲ ಮಾಡ್‌ಗಳ ಬೇರೆ ಬೇರೆ ಪ್ರತಿಗಳನ್ನು ಮಾಡಿಟ್ಟು, ಸರದಿ ಬಂದಾಗ ಸುರಿದು ತೆಗೆಯುವುದು ಸಾಮಾನ್ಯವಾಗಿ ಜನರು ಹಿಡಿಯುವ ದಾರಿ. ಇದರಿಂದ ಡಿಸ್ಕಿನಲ್ಲಿ ಸ್ಥಳವು ವ್ಯರ್ಥವಾಗುವುದು ಒಂದು ದೋಷ. ಅದಕ್ಕಿಂತ ದೊಡ್ಡದು ಇನ್ನೊಂದು. ಎರಡು ಪ್ರತಿಗಳಿದ್ದಲ್ಲಿ ಒಂದು ಹೊಸದಾಗುವುದು, ಇನ್ನೊಂದು ಹಳೆಯದಾಗಿಯೇ ಉಳಿಯುವುದು. ೨೦೨೪ರ ಮಾರ್ಚಿಯಲ್ಲಿ ಈ ಆಟದ ೧.೬ನೆಯ ಆವೃತ್ತಿ ಬಂದಾಗ ಎಷ್ಟೋ ಮಾಡ್‌ಗಳನ್ನು ಹೊಸದಾಗಿ ಇಳಿಸಿಕೊಳ್ಳಬೇಕಾಯಿತು. ಪ್ರತಿಗಳನ್ನು ಹಂಚಿಟ್ಟವರು ಒಂದೊಂದನ್ನೂ ಎರಡೆರಡು ಸಲ ಬದಲಾಯಿಸಬೇಕಾಯಿತು. ಯಾವುದು ಹೊಸದು, ಯಾವುದು ಹಳೆಯದು ಎಂದು ತಿಳಿಯದೆ ತಲೆಯನ್ನು ಕೆರೆದುಕೊಳ್ಳಬೇಕಾಯಿತು.

ಈ ಕಷ್ಟಕ್ಕೆ ಪರಿಹಾರವೇ ‘ಸಿಂಬಾಲಿಕ್ ಲಿಂಕ್’, ಅಂದರೆ ಸಂಕೇತಕೊಂಡಿ. ಇದು ವಸ್ತುವಲ್ಲ, ವಸ್ತುವಿರುವ ಸ್ಥಳದ ವಿಳಾಸವನ್ನು ಬರೆದ ಒಂದು ಚೀಟಿ. ಈ ಚೀಟಿಯನ್ನು ಯಾವ ತಂತ್ರಾಂಶವು ತೆರೆಯಹೋದರೂ, ಕಂಪ್ಯೂಟರಿನ ಮೂಲವ್ಯವಸ್ಥೆಯೇ ಅದನ್ನು ಓದಿ, ವಿಳಾಸದಲ್ಲಿರುವ ನಿಜವಾದ ಫೋಲ್ಡರನ್ನು ಮುಂದಿಡುವುದು. ತಾನು ತೆರೆದುದು ಚೀಟಿಯೆಂಬುದು ಆಟಕ್ಕೆ ಸಾಮಾನ್ಯವಾಗಿ ಗೋಚರವಾಗದು. ಸಂಸ್ಕೃತವ್ಯಾಕರಣವನ್ನು ಓದಿದವರಿಗೆ ಸ್ಥಾನಿ, ಆದೇಶ ಎಂಬ ಮಾತುಗಳು ನೆನಪಾಗಬಹುದು. ಒಂದರ ಸ್ಥಾನದಲ್ಲಿ ಬಂದ ಆದೇಶವು ಆ ಸ್ಥಾನಿಯಂತೆಯೇ ನಡೆದುಕೊಳ್ಳುವುದೆಂದು ಪಾಣಿನಿಯ ಮತ. ಆದರೆ ಅಕ್ಷರವನ್ನೇ ಹಿಡಿದು ಹೇಳಿದ ವಿಧಿಯಲ್ಲಿ ಈ ಸಾಮ್ಯವು ನಿಲ್ಲದೆಂದು ಅಲ್ಲಿಯೇ ಒಂದು ನಿಷೇಧವೂ ಉಂಟು. ಕೊಂಡಿಯ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಓದುವಾಗ, ಬರೆಯುವಾಗ ಅದು ಮೂಲದಂತೆಯೇ ಇರುವುದು. ಅಳಿಸುವಾಗ ಮತ್ತು ಸ್ಥಳವನ್ನು ಬದಲಾಯಿಸುವಾಗ ಮಾತ್ರ ಮೂಲವು ಬೇರೆ, ಕೊಂಡಿಯು ಬೇರೆ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಮ್ಯಾಕಿನ ಫೈಂಡರಿನಲ್ಲಿ ‘ಮೇಕ್ ಅಲಿಯಾಸ್’ ಎಂಬ ಆಜ್ಞೆಯುಂಟು. ನಮ್ಮ ಕಚೇರಿಯ ಕಾಗದಗಳಲ್ಲಿ ಒಬ್ಬನಿಗೇ ಇರುವ ಎರಡನೆಯ ಹೆಸರನ್ನು ಸೂಚಿಸುವ ‘ಅಲಿಯಾಸ್’ ಎಂಬ ಶಬ್ದವೇ ಇದು. ೧೯೯೧ರಲ್ಲಿ ಮ್ಯಾಕಿನ ಏಳನೆಯ ಸಿಸ್ಟಮ್ಮಿನೊಡನೆ ಬಂದ ಸೌಕರ್ಯವಿದು. ಅಲಿಯಾಸಿಗೂ ಸಂಕೇತಕೊಂಡಿಗೂ ಚಿತ್ರದ ಮೂಲೆಯಲ್ಲಿ ಅದೇ ಬಗ್ಗಿದ ಬಾಣ. ಫೈಂಡರು ಎರಡನ್ನೂ ಅಲಿಯಾಸ್ ಎಂದೇ ಕರೆಯುವುದು. ಆದರೆ ಸ್ವಭಾವವು ಬೇರೆ. ಅಲಿಯಾಸು ಮನುಷ್ಯನ ಮುಖವನ್ನು ಬಲ್ಲ ನೆಂಟನಂತೆ. ಅವನು ಅದೇ ಡಿಸ್ಕಿನೊಳಗೆ ಮನೆ ಬದಲಾಯಿಸಿದರೂ ಹುಡುಕಿಕೊಂಡು ಹೋಗುವುದು. ಸಂಕೇತಕೊಂಡಿಯು ಅಂಚೆಯ ವಿಳಾಸದಂತೆ. ಮನೆಯು ಖಾಲಿಯಾದರೆ ಅದು ವ್ಯರ್ಥ, ಅದೇ ಮನೆಗೆ ಬೇರೊಬ್ಬರು ಬಂದರೆ ಅವರಿಗೇ ಪತ್ರವು ಸಲ್ಲುವುದು. ಹಾಗಾದರೆ ಅಲಿಯಾಸೇ ಮೇಲಲ್ಲವೇ ಎಂದು ಕೇಳಬಹುದು. ಮನುಷ್ಯನು ಒತ್ತಿ ತೆರೆಯುವುದಕ್ಕೆ ಅದು ಮೇಲು. ಆದರೆ ಅಲಿಯಾಸನ್ನು ಬಿಡಿಸಿ ಓದುವ ಹೊಣೆ ತಂತ್ರಾಂಶದ್ದು. ಆಟಗಳು ಸಾಮಾನ್ಯವಾಗಿ ಆ ಶ್ರಮವನ್ನು ತೆಗೆದುಕೊಳ್ಳದೆ, ಅದನ್ನು ಅರ್ಥವಿಲ್ಲದ ಒಂದು ಚಿಕ್ಕ ಕಡತವೆಂದು ಬಿಟ್ಟುಬಿಡುವುವು. ಆದಕಾರಣ ನಮ್ಮ ಕಾರ್ಯಕ್ಕೆ ಸಂಕೇತಕೊಂಡಿಯೇ ಬೇಕು.

ಇದು ಹೊಸ ವಿದ್ಯೆಯೇನೂ ಅಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಆರಂಭವಾದ ಯುನಿಕ್ಸ್ ವ್ಯವಸ್ಥೆಗೆ, ಬರ್ಕಲಿಯ ವಿಶ್ವವಿದ್ಯಾನಿಲಯದವರು ೧೯೮೩ರಲ್ಲಿ ಹೊರತಂದ ಆವೃತ್ತಿಯೊಡನೆ ಸಂಕೇತಕೊಂಡಿಯು ಬಂದಿತು. ೨೦೦೧ರಲ್ಲಿ ಮ್ಯಾಕಿನ ಹೊಸ ವ್ಯವಸ್ಥೆಯು ಆ ವಂಶದ ತಳಹದಿಯ ಮೇಲೆಯೇ ನಿರ್ಮಿತವಾದುದರಿಂದ, ಕೊಂಡಿಯೂ ಪಿತ್ರಾರ್ಜಿತವಾಗಿ ಅದಕ್ಕೆ ದೊರೆಯಿತು. ಯಾರೂ ಹೇಳದಿದ್ದರೂ ಪ್ರತಿಯೊಂದು ಮ್ಯಾಕಿನ ಒಡಲಲ್ಲಿಯೂ ಇಂತಹ ಕೊಂಡಿಗಳು ಈಗಾಗಲೇ ಕೆಲಸಮಾಡುತ್ತಲೇ ಇವೆ.

ಇನ್ನು ಮಾಡುವ ಕ್ರಮ. ಮೊದಲು ಆಟವನ್ನು ಮುಚ್ಚಿ, ಈಗಿರುವ ‘ಮಾಡ್ಸ್’ ಫೋಲ್ಡರಿನ ಮತ್ತು ಮಕ್ಕಳ ಉಳಿಸಿದ ಆಟಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಇದನ್ನು ಮಾಡದೆ ಮುಂದಕ್ಕೆ ಹೋಗಕೂಡದು. ಆಟವಿರುವ ಸ್ಥಳವನ್ನು ಹುಡುಕಿ ಬಳಲಬೇಕಾದುದಿಲ್ಲ. ಸ್ಟೀಮಿನಲ್ಲಿ ಆಟದ ಹೆಸರಿನ ಮೇಲೆ ಬಲಗುಂಡಿಯನ್ನೊತ್ತಿ, ‘ಮ್ಯಾನೇಜ್’ ಎಂಬಲ್ಲಿ ‘ಬ್ರೌಸ್ ಲೋಕಲ್ ಫೈಲ್ಸ್’ ಎಂಬುದನ್ನು ಆರಿಸಿದರೆ ಫೋಲ್ಡರು ತೆರೆದುಕೊಳ್ಳುವುದು. ಅಲ್ಲಿ ‘ಕಂಟೆಂಟ್ಸ್’, ಅದರೊಳಗೆ ‘ಮ್ಯಾಕ್‌ಓಎಸ್’, ಅದರೊಳಗೆ ‘ಮಾಡ್ಸ್’. ಉಳಿಸಿದ ಆಟಗಳು ಇರುವುದು ಬಳಕೆದಾರರ ಮನೆಯ ಫೋಲ್ಡರಿನಲ್ಲಿ, ಚುಕ್ಕೆಯಿಂದ ಮೊದಲಾಗುವ ‘ಕಾನ್ಫಿಗ್’ ಎಂಬುದರೊಳಗೆ. ಚುಕ್ಕೆಯ ಹೆಸರುಗಳು ಫೈಂಡರಿನಲ್ಲಿ ಮರೆಯಾಗಿರುವುವು. ಕಮಾಂಡ್, ಶಿಫ್ಟ್, ಚುಕ್ಕೆ ಈ ಮೂರು ಕೀಲಿಗಳನ್ನು ಕೂಡಿಸಿ ಒತ್ತಿದರೆ ಕಾಣಿಸುವುವು.

ಎರಡನೆಯದಾಗಿ, ಬಳಕೆದಾರರ ಮನೆಯ ಫೋಲ್ಡರಿನಲ್ಲಿ ‘ಕಣಜ’ ಎಂಬ ಹೆಸರಿನ ಫೋಲ್ಡರನ್ನು ಮಾಡಿ, ಎಲ್ಲ ಮಾಡ್‌ಗಳನ್ನೂ ಒಂದೊಂದನ್ನು ಅದರದರ ಸ್ವಂತ ಫೋಲ್ಡರಿನೊಡನೆ ಅಲ್ಲಿಗೆ ಸಾಗಿಸಬೇಕು. ನಿಜವಾದ ಸೊತ್ತು ಇರುವುದು ಇಲ್ಲಿ ಮಾತ್ರ. ಈ ಫೋಲ್ಡರಿನ ಹೆಸರನ್ನೂ ಸ್ಥಳವನ್ನೂ ಇನ್ನು ಮುಂದೆ ಬದಲಾಯಿಸಕೂಡದು. ಬದಲಾಯಿಸಿದರೆ ಎಲ್ಲ ಚೀಟಿಗಳ ವಿಳಾಸವೂ ಒಮ್ಮೆಗೇ ತಪ್ಪಾಗುವುದು.

ಮೂರನೆಯದಾಗಿ, ‘ಅಣ್ಣ’, ‘ತಂಗಿ’ ಎಂಬ ಎರಡು ಫೋಲ್ಡರುಗಳನ್ನು ಮಾಡಿ, ಎರಡರೊಳಗೂ ಆಟವು ಬಯಸುವ ಇಂಗ್ಲಿಷ್ ಅಕ್ಷರಗಳಲ್ಲಿಯೇ ‘ಮಾಡ್ಸ್’ ಎಂಬ ಬರಿದಾದ ಒಂದೊಂದು ಫೋಲ್ಡರನ್ನಿಡಬೇಕು. ಈಗ ಕೊಂಡಿಗಳನ್ನು ಹಾಕುವ ಕೆಲಸ. ‘ಅಪ್ಲಿಕೇಷನ್ಸ್’ನ ‘ಯುಟಿಲಿಟೀಸ್’ ಎಂಬಲ್ಲಿರುವ ಟರ್ಮಿನಲ್ಲನ್ನು ತೆರೆದು, ‘ಎಲ್’, ‘ಎನ್’ ಎಂಬ ಎರಡು ಚಿಕ್ಕ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆದು, ತೆರಪು ಬಿಟ್ಟು, ಒಂದು ಅಡ್ಡಗೆರೆಯನ್ನೂ ಅದಕ್ಕೆ ತಗುಲಿದಂತೆ ‘ಎಸ್’ ಎಂಬ ಚಿಕ್ಕ ಅಕ್ಷರವನ್ನೂ ಬರೆದು, ಮತ್ತೆ ತೆರಪು ಬಿಡಬೇಕು. ಅನಂತರ ಕೈಯಿಂದ ಏನನ್ನೂ ಬರೆಯಬೇಕಾದುದಿಲ್ಲ. ಕಣಜದಲ್ಲಿರುವ ಒಂದು ಮಾಡಿನ ಫೋಲ್ಡರನ್ನು ಫೈಂಡರಿನಿಂದ ಎಳೆದು ಟರ್ಮಿನಲ್ಲಿನ ಮೇಲೆ ಬಿಟ್ಟರೆ ಅದರ ಪೂರ್ಣವಿಳಾಸವು ತಾನಾಗಿ ಮೂಡುವುದು. ಬಳಿಕ ‘ಅಣ್ಣ’ ಫೋಲ್ಡರಿನೊಳಗಿನ ‘ಮಾಡ್ಸ್’ ಫೋಲ್ಡರನ್ನು ಹಾಗೆಯೇ ಎಳೆದು ಬಿಟ್ಟು, ರಿಟರ್ನ್ ಕೀಲಿಯನ್ನೊತ್ತಬೇಕು. ಕೊಂಡಿಯು ಅದೇ ಹೆಸರಿನಿಂದ ಅಲ್ಲಿ ಹುಟ್ಟುವುದು. ಎಳೆದು ಬಿಡುವುದರಲ್ಲಿ ಇನ್ನೊಂದು ಅನುಕೂಲವೂ ಉಂಟು. ಹೆಸರಿನ ನಡುವೆ ತೆರಪಿದ್ದರೆ ಟರ್ಮಿನಲ್ಲು ಒಂದನ್ನು ಎರಡೆಂದು ತಿಳಿಯುವುದು. ಎಳೆದು ಬಿಟ್ಟಲ್ಲಿ ಆ ತೆರಪಿಗೆ ಬೇಕಾದ ಚಿಹ್ನೆಯು ತಾನೇ ಬೀಳುವುದು. ಅನುಕ್ರಮವನ್ನು ಮಾತ್ರ ಮರೆಯಕೂಡದು: ಇರುವುದು ಮೊದಲು, ಆಗತಕ್ಕದ್ದು ಅನಂತರ.

ಹೀಗೆ ಅಣ್ಣನಿಗೆ ಬೇಕಾದುವನ್ನು ಅಣ್ಣನ ಪಟ್ಟಿಗೂ, ತಂಗಿಗೆ ಬೇಕಾದುವನ್ನು ತಂಗಿಯ ಪಟ್ಟಿಗೂ ಕೊಂಡಿಹಾಕಿದ ಮೇಲೆ, ಆಟದೊಳಗೆ ಬರಿದಾಗಿ ಉಳಿದ ಹಳೆಯ ‘ಮಾಡ್ಸ್’ ಫೋಲ್ಡರನ್ನು ತೆಗೆದು, ಅದೇ ಆಜ್ಞೆಯಿಂದ ‘ಅಣ್ಣ’ನೊಳಗಿನ ‘ಮಾಡ್ಸ್’ ಫೋಲ್ಡರನ್ನು ಮೊದಲು, ಆಟದ ‘ಮ್ಯಾಕ್‌ಓಎಸ್’ ಫೋಲ್ಡರನ್ನು ಅನಂತರ ಎಳೆದು ಬಿಟ್ಟರೆ, ಆಟವು ಅಣ್ಣನ ಪಟ್ಟಿಯನ್ನು ಓದುವುದು. ತಂಗಿಯ ಸರದಿ ಬಂದಾಗ ಆ ಒಂದು ಕೊಂಡಿಯನ್ನು ಕಸದ ಬುಟ್ಟಿಗೆ ಹಾಕಿ, ಅವಳ ಪಟ್ಟಿಗೆ ಹೊಸ ಕೊಂಡಿಯನ್ನು ಹಾಕಿದರಾಯಿತು. ಹಳೆಯದನ್ನು ತೆಗೆಯಲು ಮರೆತಿದ್ದರೆ, ಕಡತವು ಈಗಾಗಲೇ ಇದೆಯೆಂದು ಹೇಳಿ ಟರ್ಮಿನಲ್ಲೇ ನಿರಾಕರಿಸುವುದು, ಹಾನಿಯಿಲ್ಲ. ಮೂವತ್ತು ಫೋಲ್ಡರುಗಳನ್ನು ಹೊತ್ತು ಸಾಗಿಸುವ ಬದಲು ಬದಲಾಗುವುದು ಒಂದೇ ಚೀಟಿ. ಮಾಡಿನ ಹೊಸ ಆವೃತ್ತಿ ಬಂದರೆ ಕಣಜದಲ್ಲಿ ಒಮ್ಮೆ ಬದಲಾಯಿಸಿದರೆ ಸಾಕು, ಇಬ್ಬರಿಗೂ ಹೊಸದೇ ಸಲ್ಲುವುದು. ಆಟವನ್ನೇ ಅಳಿಸಿ ಮರಳಿ ಸ್ಥಾಪಿಸಬೇಕಾಗಿ ಬಂದರೂ ಕಣಜಕ್ಕೆ ತಾಗುವುದಿಲ್ಲ.

ಸ್ಮಾಪಿಯ ಜೊತೆಯಲ್ಲಿ ಬರುವ ಎರಡು ಚಿಕ್ಕ ಮಾಡ್‌ಗಳನ್ನು ಮಾತ್ರ ಕಣಜಕ್ಕೆ ಸೇರಿಸದೆ, ಪ್ರತಿಯೊಂದು ಪಟ್ಟಿಯಲ್ಲಿಯೂ ನಿಜರೂಪದಲ್ಲಿಯೇ ಇಡುವುದು ಲೇಸು. ಅವು ಸ್ಮಾಪಿಯ ಸ್ಥಾಪನೆಯೊಡನೆ ಬದಲಾಗತಕ್ಕವು. ಅವುಗಳಲ್ಲೊಂದಾದ ‘ಸೇವ್ ಬ್ಯಾಕಪ್’ ಎಂಬುದು ಆಡಿದ ದಿನಕ್ಕೊಂದರಂತೆ ಹಿಂದಿನ ಹತ್ತು ಪ್ರತಿಗಳನ್ನು ಆಟದ ಫೋಲ್ಡರಿನಲ್ಲಿ ಕಾಪಾಡಿಡುವುದು. ಇದರ ಉಪಯೋಗವನ್ನು ಮುಂದೆ ಕಾಣುವಿರಿ.

ಕೊಂಡಿಯು ಪ್ರತಿಯಲ್ಲವೆಂಬ ಮಾತಿಗೆ ಇನ್ನೊಂದು ಮುಖವುಂಟು. ಅನೇಕ ಮಾಡ್‌ಗಳು ತಮ್ಮ ಏರ್ಪಾಡುಗಳನ್ನು, ಅಂದರೆ ಯಾವ ಕೀಲಿಯನ್ನೊತ್ತಿದರೆ ಏನಾಗಬೇಕೆಂಬಂಥವನ್ನು, ತಮ್ಮ ಫೋಲ್ಡರಿನಲ್ಲಿಯೇ ಒಂದು ಕಡತದಲ್ಲಿ ಬರೆದಿಡುವುವು. ಫೋಲ್ಡರು ಒಂದೇ ಆದುದರಿಂದ ಅಣ್ಣನು ತನ್ನ ಅನುಕೂಲಕ್ಕೆ ಬದಲಾಯಿಸಿದುದು ತಂಗಿಗೂ ಬದಲಾಗುವುದು. ಅವಿಭಕ್ತಕುಟುಂಬದಲ್ಲಿ ಒಲೆಯು ಒಂದಾದರೆ ಉಪ್ಪುಖಾರವೂ ಒಂದೇ. ಯಾವ ಮಾಡಿನ ವಿಷಯದಲ್ಲಿ ಇಬ್ಬರ ರುಚಿಯೂ ಬೇರೆಯೋ ಅದನ್ನು ಮಾತ್ರ ಎರಡು ನಿಜವಾದ ಪ್ರತಿಗಳಾಗಿ ಇಡತಕ್ಕದ್ದು. ಎಲ್ಲಕ್ಕೂ ಕೊಂಡಿಯೇ ಎಂಬ ಹಟವು ಸಲ್ಲದು.

ಈಗ ಅಳಿಸುವ ವಿಷಯ. ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಕೂಡದು. ನಾವು ಬಲ್ಲ ಮನೆಯೊಂದರಲ್ಲಿ ಮಗನು ಬಹಳ ಜಾಣತನದಿಂದ ಇಂತಹ ಏರ್ಪಾಡನ್ನು ಮಾಡಿದ್ದನು. ಆದರೆ ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಡಿಸ್ಕು ತುಂಬಿತೆಂದು ಯಜಮಾನರು ಒಂದು ದಿನ ಶೋಧನೆಗೆ ತೊಡಗಿ, ಒಂದೇ ಹೆಸರಿನ ಫೋಲ್ಡರುಗಳು ಮೂರು ಮೂರು ಕಡೆ ಇರುವುದನ್ನು ಕಂಡರು. ಆಟದ ದಾರಿಯಲ್ಲಿರುವುದೇ ನಿಜವಾದುದು, ಪಕ್ಕದ ಕಣಜದಲ್ಲಿರುವುದು ಹೆಚ್ಚಿನ ಪ್ರತಿಯೆಂದು ಊಹಿಸಿ, ಕಣಜವನ್ನು ಅಳಿಸಿ, ಕಸದ ಬುಟ್ಟಿಯನ್ನೂ ಬರಿದುಮಾಡಿದರು. ಉಳಿದುದು ವಿಳಾಸದ ಚೀಟಿಗಳು ಮಾತ್ರ. ಸಂಜೆ ಶಾಲೆಯಿಂದ ಬಂದ ಚಿಕ್ಕ ಹುಡುಗಿ ತನ್ನ ತೋಟವನ್ನು ತೆರೆದು, ಏನೋ ಬೇರೆಯಾಗಿದೆಯೆಂದುಕೊಂಡರೂ ಆಟದ ದಿನವನ್ನು ಮುಗಿಸಿ ಮಲಗಿಸಿದಳು. ಮಾಡಿನಿಂದ ಬಂದಿದ್ದ ಊರಿನಲ್ಲಿ ಅವಳು ಇಟ್ಟಿದ್ದ ಪೆಟ್ಟಿಗೆಗಳು ಹೋದುವು. ಅವಳು ಅತ್ತಳು, ತಂದೆಯವರು ಆಟದ ಹುಚ್ಚೆಂದು ಗದರಿಸಿದರು, ತಪ್ಪು ಯಾರದೆಂಬುದು ಅಣ್ಣನು ಬರುವ ತನಕ ಯಾರಿಗೂ ತಿಳಿಯಲಿಲ್ಲ. ‘ಸೇವ್ ಬ್ಯಾಕಪ್’ ಉಳಿಸಿದ್ದ ಹಿಂದಿನ ಪ್ರತಿಯಿಂದ ತೋಟವು ಮರಳಿ ದೊರೆಯಿತು. ಆ ತಂದೆಯವರು ಮಗಳನ್ನು ಕರೆದು, “ನನಗೆ ತಿಳಿಯದೆ ಆಯಿತು, ಮಗೂ” ಎಂದರಂತೆ. ಹಾಗೆ ಹೇಳಿದುದರಿಂದ ಅವರ ಗೌರವವೇನೂ ಕಡಮೆಯಾಗಲಿಲ್ಲವೆಂದು ನಾವು ಭಾವಿಸುವೆವು.

ಆದುದರಿಂದ ಅಳಿಸುವ ಮೊದಲು ಇದು ವಸ್ತುವೋ ಚೀಟಿಯೋ ಎಂದು ನೋಡತಕ್ಕದ್ದು. ಚಿತ್ರದ ಮೂಲೆಯಲ್ಲಿ ಬಗ್ಗಿದ ಬಾಣವಿದ್ದರೆ ಚೀಟಿ. ಚೀಟಿಯನ್ನು ಫೈಂಡರಿನಲ್ಲಿ ಕಸದ ಬುಟ್ಟಿಗೆ ಹಾಕಿದರೆ ಮೂಲಕ್ಕೆ ಏನೂ ಆಗದು. ಆದರೆ ಆ ಚೀಟಿಯನ್ನು ತೆರೆದು, ಒಳಗೆ ಕಾಣುವ ಕಡತಗಳನ್ನು ಅಳಿಸಿದರೆ ಹೋಗುವುದು ಮೂಲವೇ. ಟರ್ಮಿನಲ್ಲಿನಲ್ಲಿ ಅಳಿಸುವ ಆಜ್ಞೆಯನ್ನು ಹೊಸಬರು ಬಳಸದಿರುವುದೇ ಕ್ಷೇಮ. ಕೊಂಡಿಯ ಹೆಸರಿನ ಕೊನೆಯಲ್ಲಿ ಒಂದು ಓರೆಗೆರೆಯು ಸೇರಿಕೊಂಡರೆ ಆಜ್ಞೆಯು ಚೀಟಿಯನ್ನು ಬಿಟ್ಟು ಮೂಲದೊಳಕ್ಕೆ ನುಗ್ಗಬಹುದು. ಹಾಗೆಯೇ, ಪಟ್ಟಿಯ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲುಮಾಡಿ, ಎಲ್ಲವೂ ಭದ್ರವಾಯಿತೆಂದು ನಂಬಬಾರದು. ಅಲ್ಲಿಗೆ ಹೋದುವು ಚೀಟಿಗಳು. ಭದ್ರಪಡಿಸಬೇಕಾದುದು ಕಣಜವನ್ನು.

ಬೇರೆ ಆಟಗಳ ವಿಷಯವಾಗಿ ಎರಡು ಮಾತು. ‘ದಿ ಸಿಮ್ಸ್ ೪’ ಎಂಬ ಆಟದ ಮಾಡ್‌ಗಳು ‘ಡಾಕ್ಯುಮೆಂಟ್ಸ್’ನೊಳಗೆ ‘ಎಲೆಕ್ಟ್ರಾನಿಕ್ ಆರ್ಟ್ಸ್’ ಎಂಬಲ್ಲಿ ಆಟದ ಹೆಸರಿನ ಫೋಲ್ಡರಿನಲ್ಲಿರುವುವು. ಅದರಲ್ಲಿ ಸ್ಕ್ರಿಪ್ಟ್ ಎಂಬ ಜಾತಿಯ ಮಾಡ್‌ಗಳು ಒಂದು ಫೋಲ್ಡರಿಗಿಂತ ಒಳಗಿದ್ದರೆ ಆಟವು ಓದದು. ಕೊಂಡಿಯನ್ನೂ ಒಂದು ಮೆಟ್ಟಿಲೆಂದೇ ಎಣಿಸಿಕೊಂಡು ಏರ್ಪಾಡು ಮಾಡಬೇಕು. ‘ಮೈನ್‌ಕ್ರಾಫ್ಟ್’ ಆಟವಾದರೋ ೨೦೨೩ರಲ್ಲಿ ಬಂದ ೧.೨೦ನೆಯ ಆವೃತ್ತಿಯಿಂದ, ಮಕ್ಕಳು ಕಟ್ಟಿದ ಪ್ರಪಂಚಗಳ ಫೋಲ್ಡರಿನಲ್ಲಿ ಕೊಂಡಿಗಳಿದ್ದರೆ ಸಂಶಯಪಡುವುದು. ಅದರ ಪ್ರಾರಂಭದ ಪರದೆಯಲ್ಲಿಯೇ ಒಂದೊಂದು ಸ್ಥಾಪನೆಗೂ ಬೇರೆ ಬೇರೆ ಫೋಲ್ಡರನ್ನು ಗೊತ್ತುಮಾಡುವ ಅವಕಾಶವಿರುವುದರಿಂದ ಅಲ್ಲಿ ಕೊಂಡಿಯ ಹಂಗೇ ಬೇಕಿಲ್ಲ. ಆಟವೇ ಸರಿಯಾದ ದಾರಿಯನ್ನು ತೋರಿಸಿದ್ದರೆ ಅದನ್ನೇ ಹಿಡಿಯುವುದು ವಿವೇಕ.

ಕೊನೆಯದಾಗಿ ನಮ್ಮ ಸೂಚನೆಯೊಂದುಂಟು. ಈ ಏರ್ಪಾಡನ್ನು ಮಕ್ಕಳ ಕೈಯಿಂದಲೇ ಮಾಡಿಸಿರಿ. ಮಾಡಿದ ದಿನವೇ ಒಂದು ಕಾಗದದ ಮೇಲೆ ‘ವಸ್ತುವಿರುವುದು ಇಲ್ಲಿ, ಚೀಟಿಗಳಿರುವುದು ಇಲ್ಲಿ, ಹಿಂದಿನ ಪ್ರತಿ ಈ ಡಿಸ್ಕಿನಲ್ಲಿ’ ಎಂದು ಕನ್ನಡದಲ್ಲಿ ಬರೆಯಿಸಿ, ಕಂಪ್ಯೂಟರಿನ ಮೇಜಿನ ಹತ್ತಿರ ಅಂಟಿಸಿರಿ. ಮಗನು ಓದಲು ಪರಸ್ಥಳಕ್ಕೆ ಹೋದಾಗಲೂ ಮನೆಯಲ್ಲಿರುವವರಿಗೆ ಕಾಗದವು ದಾರಿಯನ್ನು ಹೇಳುವುದು. ಮನೆಯ ಪತ್ರಗಳು, ಭಾವಚಿತ್ರಗಳು, ಲೆಕ್ಕದ ಕಡತಗಳು ಇವುಗಳಿಗೂ ಇದೇ ಕ್ರಮವು ಸಲ್ಲುವುದೆಂಬುದನ್ನು ಹಿರಿಯರು ಗಮನಿಸಿದರೆ, ಮಕ್ಕಳ ಆಟದಿಂದ ತಾವೂ ಒಂದು ಪಾಠವನ್ನು ಕಲಿತಂತಾಗುವುದು. ಭಾವಚಿತ್ರಗಳ ವ್ಯವಸ್ಥೆಯನ್ನು ಕುರಿತು ಇನ್ನೊಂದು ಸಂಚಿಕೆಯಲ್ಲಿ ಬರೆಯುವೆವು.